'ನಾನು' ಎಂಬುದರ ಖಾಯಂ ವಿಳಾಸ

ಸರ್ಕಾರಿ ನಮೂನೆಗಳಲ್ಲಿ ಎರಡು ವಿಳಾಸಗಳನ್ನು ಕೇಳುವ ಪದ್ಧತಿಯುಂಟು. ಒಂದು ಹಾಲಿ ವಿಳಾಸ, ಇನ್ನೊಂದು ಖಾಯಂ ವಿಳಾಸ. ಊರು ಬಿಟ್ಟು ಬಂದ ನಮ್ಮಂಥವರು ಮೊದಲನೆಯದನ್ನು ಥಟ್ಟನೆ ಬರೆದುಬಿಡುತ್ತೇವೆ. ಎರಡನೆಯದರ ಮುಂದೆ ಮಾತ್ರ ಲೇಖನಿ ಒಂದು ಗಳಿಗೆ ನಿಲ್ಲುತ್ತದೆ. ತಂದೆಯವರ ಕಾಲದ ಹಳ್ಳಿಯ ಹೆಸರು ಬರೆಯುವುದೋ, ಇಷ್ಟು ವರ್ಷ ಬಾಡಿಗೆ ಕಟ್ಟಿದ ಹೈದರಾಬಾದಿನ ಮನೆಯ ನಂಬರು ಬರೆಯುವುದೋ?

ಮೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ನಮ್ಮ ಮನೆಯಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ನಮ್ಮ ತಾಯಿಯವರು ಮದುವೆಯಾಗಿ ಸೇಡಂ ಕಡೆಯ ಹಳ್ಳಿಯಿಂದ ಈ ನಗರಕ್ಕೆ ಬಂದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ತರಕಾರಿಯವಳೊಡನೆ ತೆಲುಗು, ಪಕ್ಕದ ಮನೆಯ ಮುಸಲ್ಮಾನ ಹೆಂಗಸರೊಡನೆ ದಖನಿ, ಮನೆಯೊಳಗೆ ಕನ್ನಡ, ಹೀಗೆ ಮೂರು ಭಾಷೆಗಳಲ್ಲಿ ಐವತ್ತು ವರ್ಷ ಸಂಸಾರ ನಡೆಸಿದರು. ಅಂಥವರಿಗೆ ಮರೆವು ಹತ್ತಿತು. ಮೊದಲು ಸಾಮಾನುಗಳ ಹೆಸರು ಮರೆತವು, ಆಮೇಲೆ ಬೀದಿಯ ದಾರಿ. ಒಂದು ಸಂಜೆ ಸ್ವಂತ ಮನೆಯ ಪಡಸಾಲೆಯಲ್ಲಿ ಕುಳಿತು "ಮನಿಗಿ ಯಾವಾಗ ಹೋಗೋದು?" ಎಂದು ಕೇಳಿದರು. ಈಗ ನಮ್ಮನ್ನು ಕಂಡರೆ "ತಮ್ಮಾ, ಉಂಡಿ ಏನೋ?" ಎನ್ನುತ್ತಾರೆ. ನಮ್ಮ ಕಡೆ ಮಗನನ್ನೂ ಅಕ್ಕರೆಯಿಂದ 'ತಮ್ಮಾ' ಎಂದು ಕರೆಯುವುದುಂಟು. ಹಾಗೆ ಕರೆಯುತ್ತಿದ್ದಾರೋ ಅಥವಾ ತೀರಿಹೋದ ತಮ್ಮನೇ ಎದುರಿಗೆ ನಿಂತಿದ್ದಾನೆಂದು ಭಾವಿಸಿದ್ದಾರೋ ನಮಗೆ ತಿಳಿಯದು.

ನೋಡಲು ಬಂದ ಹಿರಿಯ ಬಂಧುಗಳೊಬ್ಬರು ಹೊರಡುವಾಗ ಬಾಗಿಲ ಬಳಿ ನಿಂತು, "ಅವ್ವಾರು ಈಗ ಎಲ್ಲಿದ್ದಾರಪ್ಪಾ? ದೇಹ ಅಷ್ಟೇ ಅದ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಆ ರಾತ್ರಿ ನಮಗೂ ನಮ್ಮ ಮನೆಯವರಿಗೂ ನಿದ್ದೆ ಬರಲಿಲ್ಲ. ನೆನಪು ಹೋದರೆ ಮನುಷ್ಯನೂ ಹೋದಂತೆಯೇ? 'ನಾನು' ಎಂಬುದು ಮೆದುಳಿನಲ್ಲಿ ಯಾವ ವಿಳಾಸದಲ್ಲಿ ವಾಸಿಸುತ್ತದೆ?

ನಾವು ವೈದ್ಯರಲ್ಲ. ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಇರುವವರು. ಕಾಲೇಜಿನಲ್ಲಿ ಕಪ್ಪೆಯ ಮೆದುಳನ್ನು ಬಿಡಿಸಿ ಚಿತ್ರ ಬರೆದದ್ದೇ ನಮ್ಮ ಪಾಂಡಿತ್ಯ. ಆದರೂ ಮನೆಯ ಪ್ರಶ್ನೆ ಬೆನ್ನು ಹತ್ತಿದ್ದರಿಂದ ರಜಾದಿನಗಳಲ್ಲಿ ಈ ವಿಷಯವನ್ನು ಓದತೊಡಗಿದೆವು. ಓದಿದಷ್ಟನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇವೆ. ಇಂಥ ಹಿರಿಯರು ಇರುವ ಮನೆ ನಮ್ಮದೊಂದೇ ಆಗಿರಲಾರದು.

ಎದೆಯೋ ತಲೆಯೋ

'ನಾನು' ಎನ್ನುವಾಗ ನಮ್ಮ ಕೈ ಎದೆಯ ಮೇಲೆ ಹೋಗುತ್ತದೆಯೇ ಹೊರತು ತಲೆಯ ಮೇಲಲ್ಲ. 'ಎದೆ ಮುಟ್ಟಿಕೊಂಡು ಹೇಳು' ಎನ್ನುತ್ತೇವೆ. ಇದು ಬಹು ಹಳೆಯ ನಂಬಿಕೆ. ಪ್ರಾಚೀನ ಈಜಿಪ್ಟಿನವರು ಶವಗಳನ್ನು ಕೆಡದಂತೆ ಇರಿಸುವಾಗ ಹೃದಯವನ್ನು ಜೋಪಾನವಾಗಿ ಉಳಿಸಿ, ಮೆದುಳನ್ನು ಮೂಗಿನ ಮೂಲಕ ತೆಗೆದು ಎಸೆದುಬಿಡುತ್ತಿದ್ದರು. ನಮ್ಮ ಚರಕ ಸಂಹಿತೆ ಚೇತನಕ್ಕೆ ಹೃದಯವೇ ಆಶ್ರಯವೆಂದು ಹೇಳಿದರೆ, ಭೇಲ ಸಂಹಿತೆ ಮನಸ್ಸಿಗೆ ತಲೆಯಲ್ಲಿ ಸ್ಥಾನ ಕೊಟ್ಟಿದೆ. ಅಂದರೆ ಈ ವಾದ ನಮ್ಮಲ್ಲಿಯೂ ಇತ್ತು.

ಗ್ರೀಸಿನಲ್ಲಿಯೂ ಹಾಗೆಯೇ. ಕ್ರಿಸ್ತಪೂರ್ವ 400ರ ಸುಮಾರಿಗೆ ಹಿಪೊಕ್ರಟಿಸನ ಪರಂಪರೆಯವರು ಮೂರ್ಛೆರೋಗದ ಬಗ್ಗೆ ಬರೆಯುತ್ತ, ಸುಖ, ದುಃಖ, ಅಳು, ನಗು ಎಲ್ಲಕ್ಕೂ ಮೆದುಳೇ ಮೂಲವೆಂದರು. ಅನಂತರ ಬಂದ ಅರಿಸ್ಟಾಟಲ್ ಅದನ್ನು ಒಪ್ಪಲಿಲ್ಲ. ಅವನ ಪ್ರಕಾರ ಹೃದಯವೇ ಮುಖ್ಯ, ಮೆದುಳು ದೇಹದ ಬಿಸಿಯನ್ನು ಆರಿಸುವ ಒಂದು ಸಾಧನ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ವೈದ್ಯ ಗೇಲನ್ ಜನರ ಎದುರಿಗೇ ಒಂದು ಪ್ರಯೋಗ ಮಾಡಿ ತೋರಿಸಿದನು. ಕಿರಿಚುತ್ತಿದ್ದ ಹಂದಿಯ ಕುತ್ತಿಗೆಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ನರವನ್ನು ಕತ್ತರಿಸಿದೊಡನೆ ಅದರ ದನಿ ನಿಂತುಹೋಯಿತು. ದನಿಯ ಹಿಂದಿನ ಆಜ್ಞೆ ಎದೆಯಿಂದಲ್ಲ, ನರಗಳ ದಾರಿಯಾಗಿ ಮೆದುಳಿನಿಂದ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಮೆದುಳೆಂದು ಒಪ್ಪಿದ ಮೇಲೂ ಒಂದು ಆಸೆ ಉಳಿಯಿತು. ಅದರೊಳಗೆ ಒಂದು ಕುರ್ಚಿ ಇರಬೇಕು, ಅದರ ಮೇಲೆ 'ನಾನು' ಕುಳಿತಿರಬೇಕು ಎಂಬುದೇ ಆ ಆಸೆ. ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟ್ ಹದಿನೇಳನೆಯ ಶತಮಾನದಲ್ಲಿ ಅಂಥ ಒಂದು ಕುರ್ಚಿಯನ್ನು ಗುರುತಿಸಿಯೂ ಬಿಟ್ಟನು. ಮೆದುಳಿನ ಭಾಗಗಳೆಲ್ಲ ಎಡಬಲವೆಂದು ಜೋಡಿಯಾಗಿವೆ, ನಡುವಿನ ಪೀನಿಯಲ್ ಗ್ರಂಥಿ ಮಾತ್ರ ಒಂಟಿಯಾಗಿದೆ, ಆತ್ಮವೂ ಒಂದೇ ಆದ್ದರಿಂದ ಅದರ ಆಸ್ಥಾನ ಅಲ್ಲೇ ಎಂಬುದು ಅವನ ತರ್ಕ. ತರ್ಕವೇನೋ ಅಂದವಾಗಿತ್ತು, ಆದರೆ ನಿಜವಾಗಿರಲಿಲ್ಲ. ಆ ಗ್ರಂಥಿಯ ಕೆಲಸ ಹಗಲುರಾತ್ರಿಗಳಿಗೆ ತಕ್ಕಂತೆ ನಿದ್ದೆಯ ರಸವನ್ನು ಸ್ರವಿಸುವುದೆಂದು ಈಗ ತಿಳಿದಿದೆ.

ಅಲ್ಲಿಂದ ಮುಂದಿನ ಇತಿಹಾಸವನ್ನು ಬರೆದವರು ತತ್ತ್ವಜ್ಞಾನಿಗಳಿಗಿಂತ ಹೆಚ್ಚಾಗಿ ರೋಗಿಗಳು.

ರೈಲು ಹಾದಿಯ ಮೇಸ್ತ್ರಿ

1848ನೆಯ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಬಳಿ ರೈಲು ಹಾದಿಗಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಫಿನಿಯಾಸ್ ಗೇಜ್ ಎಂಬ 25 ವರ್ಷದ ಮೇಸ್ತ್ರಿ ಬಂಡೆಯ ರಂಧ್ರದಲ್ಲಿ ಮದ್ದನ್ನು ಹಾರೆಯಿಂದ ಜಡಿಯುತ್ತಿದ್ದಾಗ ಕಿಡಿ ಹಾರಿತು. 3 ಅಡಿ 7 ಅಂಗುಲ ಉದ್ದದ, ಸುಮಾರು ಆರು ಕಿಲೋ ತೂಕದ ಆ ಹಾರೆ ಅವನ ಎಡಗೆನ್ನೆಯ ಕೆಳಗಿಂದ ನುಗ್ಗಿ, ಕಣ್ಣಿನ ಹಿಂದಿನಿಂದ ಹಾದು, ನೆತ್ತಿ ಒಡೆದು ಹೊರಬಿದ್ದಿತು. ಆಶ್ಚರ್ಯವೆಂದರೆ ಗೇಜ್ ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತನಾಡಿದ. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ಊರಿಗೆ ಬಂದ. ಜಾನ್ ಹಾರ್ಲೊ ಎಂಬ ವೈದ್ಯರು ತಿಂಗಳುಗಟ್ಟಲೆ ಶುಶ್ರೂಷೆ ಮಾಡಿದರು. ಒಂದು ಕಣ್ಣು ಹೋಯಿತು, ಜೀವ ಉಳಿಯಿತು.

ಹಾರ್ಲೊ 1868ರಲ್ಲಿ ಬರೆದ ವರದಿಯಿಂದ ಗೇಜ್ ಪ್ರಸಿದ್ಧನಾದ. ಮೊದಲು ಶಿಸ್ತಿನ, ಹಿಡಿದ ಕೆಲಸ ಮಾಡಿ ಮುಗಿಸುವ ಮನುಷ್ಯನಾಗಿದ್ದವನು ಗಾಯದ ಅನಂತರ ಒರಟನಾದನೆಂದೂ, ಚಂಚಲನಾದನೆಂದೂ, ಇವನು ಮೊದಲಿನ ಗೇಜ್ ಅಲ್ಲವೆಂದು ಗೆಳೆಯರೇ ಹೇಳಿದರೆಂದೂ ಅದರಲ್ಲಿತ್ತು. ಕಂಪನಿಯವರು ಮೇಸ್ತ್ರಿಯ ಕೆಲಸವನ್ನು ಮರಳಿ ಕೊಡಲಿಲ್ಲ. ಓದುವಾಗ ನಮ್ಮ ಬಾಗಿಲ ಬಳಿ ನಿಂತು ಆಡಿದ ಬಂಧುವಿನ ಮಾತು ನೆನಪಾಯಿತು. ನೂರೈವತ್ತು ವರ್ಷಗಳ ಹಿಂದೆ, ಇನ್ನೊಂದು ಖಂಡದಲ್ಲಿ, ಅದೇ ಮಾತು! ಸ್ವಭಾವ ಎಂಬುದಕ್ಕೂ ಹಣೆಯ ಹಿಂದಿನ ಮೆದುಳಿಗೂ ಸಂಬಂಧವಿದೆ ಎಂದು ಜಗತ್ತು ಗಂಭೀರವಾಗಿ ಯೋಚಿಸತೊಡಗಿದ್ದು ಈ ಹಾರೆಯಿಂದ.

ಆದರೆ ಕಥೆಯ ಉತ್ತರಾರ್ಧವನ್ನು ಬಹಳ ಜನ ಹೇಳುವುದಿಲ್ಲ. ಗೇಜ್ ಮುಂದೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟು ಹೊಡೆದ. ದೂರದ ದಾರಿ, ಪರಭಾಷೆಯ ಪ್ರಯಾಣಿಕರು, ಹಲವು ಕುದುರೆಗಳ ಲಗಾಮು. ಸ್ಥಿಮಿತವಿಲ್ಲದವನು ಮಾಡುವ ಕೆಲಸ ಅದಲ್ಲ. 1860ರಲ್ಲಿ ಅಪಸ್ಮಾರದಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ಮೊದಲ ದಿನಗಳಲ್ಲಿ ಕಂಡ ಬದಲಾವಣೆ ಕಡೆಯವರೆಗೂ ಹಾಗೆಯೇ ಇರಲಿಲ್ಲ, ಅವನು ಬಹಳಷ್ಟು ಚೇತರಿಸಿಕೊಂಡಿದ್ದ ಎಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ. 'ಇವನು ಅವನಲ್ಲ' ಎಂದು ತೀರ್ಪು ಕೊಟ್ಟವರು ಸ್ವಲ್ಪ ಅವಸರಪಟ್ಟರು ಎಂದರೆ ತಪ್ಪಾಗಲಾರದು.

ಫ್ರಾಂಕ್‌ಫರ್ಟಿನ ಕಡತ

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ವೈದ್ಯ ಆಲೋಯಿಸ್ ಆಲ್ಜೈಮರ್ ಆಕೆಯ ಎದುರು ಕುಳಿತು ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದುಕೊಂಡರು. ಹೆಸರು ಬರೆಯಲು ಹೇಳಿದರೆ ಆಕೆ 'ಶ್ರೀಮತಿ' ಎಂಬಷ್ಟನ್ನು ಬರೆದು ಮುಂದಿನದನ್ನು ಮರೆಯುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜೈಮರ್ ಆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ಹೊರಗೆ ಕಿಟ್ಟದಂಥ ಗಡ್ಡೆಗಳನ್ನೂ ಒಳಗೆ ಸಿಕ್ಕುಸಿಕ್ಕಾದ ಎಳೆಗಳನ್ನೂ ಕಂಡರು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್‌ನ ವೈದ್ಯರ ಸಭೆಯಲ್ಲಿ ಅದನ್ನು ವಿವರಿಸಿದರು. ಇಂದು ಆ ರೋಗಕ್ಕೆ ಅವರದೇ ಹೆಸರು.

ಗುಮಾಸ್ತರಾದ ನಮಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಆಗಸ್ಟೆಯ ಆ ಕಡತ ದಶಕಗಳ ಕಾಲ ಕಾಣೆಯಾಗಿದ್ದು 1995ರಲ್ಲಿ ಫ್ರಾಂಕ್‌ಫರ್ಟಿನ ಹಳೆಯ ದಫ್ತರಿನಲ್ಲಿಯೇ ಸಿಕ್ಕಿತು. ತನ್ನ ಹೆಸರನ್ನು ಪೂರ್ತಿ ಬರೆಯಲಾರದೆ ಹೋದ ಹೆಂಗಸಿನ ಹೆಸರು, ಮಾತು, ಮುಖ ಎಲ್ಲವನ್ನೂ ಒಂದು ಕಡತ ಉಳಿಸಿಕೊಂಡಿತ್ತು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಕಾಯ್ದಿಡಬಹುದು ಎಂಬುದನ್ನು ಇಲ್ಲಿ ನೆನಪಿನಲ್ಲಿಡೋಣ.

ಕೈ ಎತ್ತಿದವರು ಯಾರು?

ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು 1934ರಲ್ಲಿ ನರವಿಜ್ಞಾನ ಸಂಸ್ಥೆಯೊಂದನ್ನು ಆರಂಭಿಸಿದರು. ಮೂರ್ಛೆರೋಗಿಗಳ ಮೆದುಳಿನಲ್ಲಿ ರೋಗದ ಮೂಲ ಹುಡುಕುವಾಗ ಅವರು ರೋಗಿಯನ್ನು ಎಚ್ಚರವಾಗಿಯೇ ಇಡುತ್ತಿದ್ದರು. ಮೆದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಚರ್ಮಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟರೆ ಸಾಕು. ಮೆದುಳಿನ ಮೇಲೆ ಸಣ್ಣ ತಂತಿಯಿಂದ ಅತಿ ಸೌಮ್ಯವಾದ ವಿದ್ಯುತ್ತನ್ನು ಮುಟ್ಟಿಸಿದಾಗ ಕೆಲವೆಡೆ ರೋಗಿಯ ಕೈ ಮೇಲೇಳುತ್ತಿತ್ತು. ಕೇಳಿದರೆ, ಅದನ್ನು ಎತ್ತಿದವನು ತಾನಲ್ಲ, ವೈದ್ಯರೇ ಎತ್ತಿಸಿದರು ಎನ್ನುತ್ತಿದ್ದನು.

ಇದು ಸಣ್ಣ ವಿಷಯವಲ್ಲ. ಕೈ ಅವನದು, ಮೆದುಳು ಅವನದು, ಚಲನೆಯೂ ಅವನ ಸ್ನಾಯುಗಳದೇ. ಆದರೂ 'ಇದು ನಾನು ಮಾಡಿದ್ದು' ಎಂಬ ಭಾವ ಅದರ ಜೊತೆ ಬರಲಿಲ್ಲ. ಅಂದರೆ ಕೆಲಸ ಬೇರೆ, ಆ ಕೆಲಸ ತನ್ನದೆಂಬ ಮುದ್ರೆ ಬೇರೆ. ಸಾಮಾನ್ಯವಾಗಿ ಎರಡೂ ಒಟ್ಟಿಗೆ ಬರುವುದರಿಂದ ನಮಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪೆನ್‌ಫೀಲ್ಡ್ ಅವರೇ ತಮ್ಮ ಕಡೆಗಾಲದಲ್ಲಿ, 1975ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಮನಸ್ಸು ಮೆದುಳಿಗಿಂತ ಬೇರೆಯಾದ ವಸ್ತುವೇ ಇರಬೇಕೆಂಬ ಕಡೆಗೆ ವಾಲಿದರು. ಹೆಚ್ಚಿನ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಜೀವಮಾನವಿಡೀ ಮೆದುಳನ್ನು ಕೈಯಿಂದ ಮುಟ್ಟಿದವರಿಗೇ ಇಷ್ಟು ಗೊಂದಲವಿದ್ದ ಮೇಲೆ ನಮ್ಮಂಥವರು ಅವಸರದಿಂದ ಸಿದ್ಧಾಂತ ಹೊರಡಿಸಬಾರದು.

ನಿನ್ನೆ ಇಲ್ಲದ ಮನುಷ್ಯ

ನಮ್ಮ ಪ್ರಶ್ನೆಗೆ ಅತಿ ಹತ್ತಿರದ ಪ್ರಕರಣ ಹೆನ್ರಿ ಮೊಲೈಸನ್ ಅವರದು. 1926ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಇವರಿಗೆ ಬಾಲ್ಯದಿಂದಲೂ ಮೂರ್ಛೆರೋಗ. ಯಾವ ಔಷಧಕ್ಕೂ ಬಗ್ಗದೆ ಇದ್ದಾಗ 1953ರಲ್ಲಿ, 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೊವಿಲ್ ಎಂಬ ವೈದ್ಯರು ಅವರ ಮೆದುಳಿನ ಎರಡೂ ಪಾರ್ಶ್ವಗಳಲ್ಲಿ, ಕಿವಿಯ ನೇರಕ್ಕೆ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಅದರ ಸುತ್ತಲಿನದನ್ನೂ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ನೆನಪು ಕೂಡುವುದೇ ನಿಂತುಹೋಯಿತು. ಬಾಲ್ಯ ನೆನಪಿತ್ತು, ತಂದೆತಾಯಿಗಳ ನೆನಪಿತ್ತು. ಈಗ ತಾನೇ ಮಾತನಾಡಿ ಹೊರಗೆ ಹೋದವರು ಮರಳಿ ಬಂದರೆ ಅವರು ಹೊಸಬರು.

ಮಾಂಟ್ರಿಯಲ್‌ನಿಂದ ಬಂದು ಇವರನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ, ಸ್ಕೊವಿಲ್ ಅವರೊಡನೆ ಸೇರಿ 1957ರಲ್ಲಿ ವರದಿ ಪ್ರಕಟಿಸಿದರು. ಆಮೇಲೆ ಅವರು ಮಾಡಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ಕಾಗದದ ಮೇಲಿನ ನಕ್ಷತ್ರದ ಅಂಚಿನಲ್ಲಿ ಪೆನ್ಸಿಲು ನಡೆಸಬೇಕು. ನಮ್ಮಲ್ಲಿ ಯಾರೇ ಮಾಡಿದರೂ ಮೊದಲ ದಿನ ಗೆರೆ ದಿಕ್ಕಾಪಾಲಾಗುತ್ತದೆ. ಮೊಲೈಸನ್ ಅವರಿಗೂ ಹಾಗೆಯೇ ಆಯಿತು. ಆದರೆ ಮೂರು ದಿನಗಳಲ್ಲಿ ಅವರ ಕೈ ಚೆನ್ನಾಗಿ ಪಳಗಿತು. ಈ ಕೆಲಸವನ್ನು ಹಿಂದೆ ಮಾಡಿದ್ದೀರಾ ಎಂದರೆ, ಇಲ್ಲ ಎಂಬುದೇ ಅವರ ಉತ್ತರ. ಕೈ ಕಲಿತಿತ್ತು, ಕಲಿತದ್ದು ಅವರಿಗೆ ಗೊತ್ತಿರಲಿಲ್ಲ. ನೆನಪು ಎಂಬುದು ಒಂದೇ ಉಗ್ರಾಣವಲ್ಲ. ಹೆಸರು, ಘಟನೆಗಳ ನೆನಪು ಒಂದು ಕಡೆ, ಕೈಚಳಕದ ನೆನಪು ಇನ್ನೊಂದು ಕಡೆ ಎಂದು ಹೀಗೆ ತಿಳಿಯಿತು.

ಹಾಗಾದರೆ ಮೊಲೈಸನ್ ಅವರಿಗೆ 'ನಾನು' ಇರಲಿಲ್ಲವೇ? ಸುಮಾರು ಐವತ್ತು ವರ್ಷಗಳ ಕಾಲ ಇವರನ್ನು ಅಭ್ಯಸಿಸಿದ ಸುಝಾನ್ ಕಾರ್ಕಿನ್ ಅವರು ಇತ್ತೆಂದೇ ಬರೆದಿದ್ದಾರೆ. ಅವರಿಗೆ ಹಾಸ್ಯಪ್ರವೃತ್ತಿಯಿತ್ತು, ಸೌಜನ್ಯವಿತ್ತು, ಪದಬಂಧ ಬಿಡಿಸುವ ಹವ್ಯಾಸವಿತ್ತು. ಈಗಷ್ಟೇ ತಾನೇನಾದರೂ ತಪ್ಪು ಮಾಡಿದೆನೋ ಎಂಬ ಅಳುಕು ಕಾಡುತ್ತಿತ್ತು. ತಪ್ಪಿಗೆ ಅಳುಕುವವನು ಬರಿಯ ದೇಹ ಹೇಗಾದಾನು? 2008ನೆಯ ಡಿಸೆಂಬರ್ 2ರಂದು 82ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗೆ ಜಗತ್ತಿಗೆ ಅವರು ಬರಿಯ 'ಎಚ್.ಎಂ.' ಎಂಬ ಎರಡಕ್ಷರ. ಪೂರ್ತಿ ಹೆಸರು ಪ್ರಕಟವಾದದ್ದು ಆಮೇಲೆ.

ಎರಡು ಕೈ, ಎರಡು ಉತ್ತರ

ಮೆದುಳಿನ ಎಡಬಲ ಗೋಳಾರ್ಧಗಳ ನಡುವೆ ಸುಮಾರು ಇಪ್ಪತ್ತು ಕೋಟಿ ನರತಂತುಗಳ ಒಂದು ಸೇತುವೆ ಇದೆ. ಮೂರ್ಛೆ ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ಹರಡದಿರಲೆಂದು ಈ ಸೇತುವೆಯನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1962ರಿಂದ ಕ್ಯಾಲಿಫೋರ್ನಿಯಾದಲ್ಲಿ ಕೆಲವರಿಗೆ ಮಾಡಿದರು. ಅಂಥ ರೋಗಿಗಳನ್ನು ರಾಜರ್ ಸ್ಪೆರ್ರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ ಪರೀಕ್ಷಿಸಿದರು. ಸ್ಪೆರ್ರಿ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಎದುರಿನ ಬಲಭಾಗದಲ್ಲಿ ಕಂಡದ್ದು ಎಡ ಗೋಳಾರ್ಧಕ್ಕೆ, ಎಡಭಾಗದಲ್ಲಿ ಕಂಡದ್ದು ಬಲ ಗೋಳಾರ್ಧಕ್ಕೆ ಹೋಗುತ್ತದೆ. ಕೈಗಳೂ ಹಾಗೆಯೇ ಅದಲುಬದಲು. ಮಾತಿನ ಸಾಮರ್ಥ್ಯ ಹೆಚ್ಚಿನವರಲ್ಲಿ ಎಡ ಗೋಳಾರ್ಧದ್ದು. 1970ರ ದಶಕದಲ್ಲಿ ಗಜಾನಿಗ ಅವರು ಸೇತುವೆ ಕತ್ತರಿಸಿದ್ದ ಒಬ್ಬ ಹುಡುಗನ ಎಡ ಗೋಳಾರ್ಧಕ್ಕೆ ಕೋಳಿಯ ಕಾಲಿನ ಚಿತ್ರವನ್ನೂ, ಬಲ ಗೋಳಾರ್ಧಕ್ಕೆ ಹಿಮ ಬಿದ್ದ ಮನೆಯ ಚಿತ್ರವನ್ನೂ ತೋರಿಸಿದರು. ಮುಂದಿಟ್ಟ ಚಿತ್ರಗಳಲ್ಲಿ ಹೊಂದುವುದನ್ನು ಆರಿಸೆಂದಾಗ ಬಲಗೈ ಕೋಳಿಯನ್ನೂ ಎಡಗೈ ಸಲಿಕೆಯನ್ನೂ ಆರಿಸಿತು. ಎರಡೂ ಸರಿ; ಹಿಮ ತೆಗೆಯಲು ಸಲಿಕೆ ಬೇಕು. ಆದರೆ ಸಲಿಕೆ ಏಕೆ ಎಂದು ಕೇಳಿದಾಗ, ಹಿಮವನ್ನು ಕಾಣದ ಎಡ ಗೋಳಾರ್ಧ ತಡವರಿಸದೆ ಉತ್ತರ ಕೊಟ್ಟಿತು: ಕೋಳಿಯ ಗೂಡು ಗುಡಿಸಲು ಸಲಿಕೆ ಬೇಕಲ್ಲವೇ ಎಂದು!

ಹುಡುಗ ಸುಳ್ಳು ಹೇಳಲಿಲ್ಲ. ಕೈ ಮಾಡಿದ ಕೆಲಸಕ್ಕೆ ಮೆದುಳಿನ ಒಂದು ಭಾಗ ಆಮೇಲೆ ಕಾರಣ ಹೊಂದಿಸಿತು, ಹೊಂದಿಸಿದ್ದನ್ನು ತಾನೇ ನಂಬಿತು. ಗಜಾನಿಗ ಅದನ್ನು ವ್ಯಾಖ್ಯಾನಕಾರ ಎಂಬ ಅರ್ಥದ ಹೆಸರಿನಿಂದ ಕರೆದರು. ನಮ್ಮೆಲ್ಲರ ತಲೆಯಲ್ಲಿಯೂ ಇಂಥ ಒಬ್ಬ ವ್ಯಾಖ್ಯಾನಕಾರ ಇದ್ದು, ಅಲ್ಲಿಲ್ಲಿ ನಡೆಯುವ ನೂರು ಕೆಲಸಗಳನ್ನು ಪೋಣಿಸಿ 'ನನ್ನ ಕಥೆ' ಎಂದು ಹೇಳುತ್ತಿರುತ್ತಾನೆ ಎಂಬುದು ಅವರ ಅಭಿಪ್ರಾಯ.

ಕಚೇರಿಯಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೇಂದ್ರ ಸರ್ಕಾರದ ಆದೇಶಗಳು ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರಡುತ್ತವೆ. ಸಂವಿಧಾನದ 77ನೆಯ ಅನುಚ್ಛೇದದಂತೆ ಅದು ನಿಯಮ. ಒಬ್ಬ ಗುಮಾಸ್ತನ ವರ್ಗಾವಣೆಯ ಪತ್ರವನ್ನು ರಾಷ್ಟ್ರಪತಿಗಳು ಕಂಡೂ ಇರುವುದಿಲ್ಲ. ಹತ್ತು ಮೇಜುಗಳನ್ನು ದಾಟಿ ಬಂದ ಕಡತದ ಫಲ ಅದು. ಹಾಗೆಂದು ಆ ಹೆಸರು ಸುಳ್ಳೇ? ಅಲ್ಲ. ಆ ಹೆಸರಿಲ್ಲದೆ ಹತ್ತು ಮೇಜುಗಳ ಕೆಲಸ ಒಂದು ಸರ್ಕಾರದ ಕೆಲಸವಾಗುವುದಿಲ್ಲ. 'ನಾನು' ಎಂಬುದೂ ಹಾಗೆಯೇ ಎಂದು ನಮಗೆ ತೋರುತ್ತದೆ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳು ಬೇರೆ ಬೇರೆ ಮೇಜುಗಳಲ್ಲಿ ಮಾಡಿದ ಕೆಲಸಕ್ಕೆಲ್ಲ ಹಾಕುವ ಒಂದೇ ಹೆಸರು ಅದು. ಡೇಕಾರ್ಟ್ ಹುಡುಕಿದ ಕುರ್ಚಿ ಎಲ್ಲಿಯೂ ಇಲ್ಲ. ಆದರೆ ಕಚೇರಿ ಇದೆ.

ಈಚಿನ ಯಂತ್ರಗಳೂ ಇದನ್ನೇ ಹೇಳುತ್ತವೆ. 2001ರಲ್ಲಿ ಅಮೆರಿಕದ ಮಾರ್ಕಸ್ ರೈಕ್ಲ್ ಮತ್ತು ಅವರ ಸಂಗಡಿಗರು, ಮನುಷ್ಯ ಹೊರಗಿನ ಯಾವ ಕೆಲಸವನ್ನೂ ಮಾಡದೆ ಸುಮ್ಮನಿರುವಾಗಲೂ ಮೆದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗಿರುತ್ತವೆ ಎಂಬುದನ್ನು ವಿವರಿಸಿದರು. ನಾವು ನಮ್ಮ ಬಗ್ಗೆ, ಹಿಂದಿನದರ ಬಗ್ಗೆ, ಮುಂದಿನದರ ಬಗ್ಗೆ ಯೋಚಿಸುವಾಗ ಕೆಲಸ ಮಾಡುವ ಜಾಲವೂ ಅದೇ. ಹಣೆಯ ಹಿಂದೆ ಒಂದು ಭಾಗ, ಹಿಂದಲೆಯ ನಡುವೆ ಒಂದು, ಪಕ್ಕಗಳಲ್ಲಿ ಕೆಲವು. ಒಂದು ಊರಲ್ಲ, ಹಲವು ಊರುಗಳನ್ನು ಸೇರಿಸುವ ರಸ್ತೆ.

ಹೈದರಾಬಾದಿನ ಲೆಕ್ಕ

ಇಷ್ಟೆಲ್ಲ ದೂರದೇಶದ ಕಥೆಯಾಯಿತು. ಕೊನೆಯದು ನಾವಿರುವ ನಗರದ್ದೇ. ಇಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಮರೆವಿನ ರೋಗ ಬಂದ 648 ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 391 ಜನ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲ. ಭಾಷೆ ರೋಗವನ್ನು ತಡೆಯುತ್ತದೆ ಎಂದೂ ಯಾರೂ ಹೇಳಿಲ್ಲ, ಮುಂದೂಡಬಹುದು ಎಂದಷ್ಟೇ. ಆದರೂ ನಮ್ಮ ಮನೆಯಲ್ಲಿ ಈ ಲೆಕ್ಕ ಓದಿದಾಗ ಕಣ್ಣು ತೇವವಾಯಿತು. ಅಕ್ಷರ ಬಾರದ ನಮ್ಮ ತಾಯಿಯವರು ತರಕಾರಿ ಗಾಡಿಯ ಮುಂದೆ ತೆಲುಗಿನಲ್ಲಿ ಚೌಕಾಸಿ ಮಾಡಿದ್ದು, ಪಕ್ಕದ ಮನೆಯ ಮೆಟ್ಟಿಲ ಮೇಲೆ ದಖನಿಯಲ್ಲಿ ಸುಖದುಃಖ ಹಂಚಿಕೊಂಡದ್ದು, ಯಾರಿಗೆ ಗೊತ್ತು, ನಮಗೆ ಅವರ ನಾಲ್ಕು ಒಳ್ಳೆಯ ವರ್ಷಗಳನ್ನು ಹೆಚ್ಚಾಗಿ ಕೊಟ್ಟಿರಬಹುದು.

ಈಗ ಆ ತೆಲುಗು ಹೋಗಿದೆ. ದಖನಿಯೂ ಅರೆಬರೆ. ಉಳಿದಿರುವುದು ಸೇಡಂ ಕಡೆಯ ಕನ್ನಡ. ಎಲ್ಲರಲ್ಲಿಯೂ ಹೀಗೆಯೇ ಆಗುತ್ತದೆಂದು ನಾವು ಹೇಳುವುದಿಲ್ಲ, ನಮ್ಮ ಮನೆಯಲ್ಲಿ ಆದದ್ದು ಇದು. ಕೊನೆಗೆ ಬಂದದ್ದು ಮೊದಲು ಹೊರಟಿತು, ಮೊದಲು ಬಂದದ್ದು ಇನ್ನೂ ಕುಳಿತಿದೆ.

ಮತ್ತೊಂದು ಸಂಗತಿ. ಕಳೆದ ಸಂಕ್ರಾಂತಿಯ ದಿನ ನಮ್ಮ ಮನೆಯವರು ಜೋಳದ ಹಿಟ್ಟು ಕಲಸಿ ಅವರ ಮುಂದೆ ಇಟ್ಟರು. ಒಂದು ಗಳಿಗೆ ಸುಮ್ಮನೆ ನೋಡಿದರು. ಆಮೇಲೆ ಉಂಡೆ ಮಾಡಿ, ಹಿಟ್ಟು ಉದುರಿಸಿ, ರೊಟ್ಟಿ ತಟ್ಟತೊಡಗಿದರು. ದುಂಡಗೆ, ಅಂಚು ಒಡೆಯದಂತೆ, ಹಳೆಯ ತಾಳದಲ್ಲಿ. ಮೊಲೈಸನ್ ಅವರ ನಕ್ಷತ್ರ ನಮಗೆ ಅಂದು ಅರ್ಥವಾಯಿತು. ಹೆಸರುಗಳ ಮೇಜು ಖಾಲಿಯಾಗಿದೆ, ಕೈಯ ಮೇಜಿನಲ್ಲಿ ಕೆಲಸ ನಡೆದಿದೆ. 'ತಮ್ಮಾ, ಉಂಡಿ ಏನೋ' ಎಂದು ಕೇಳುವ ಅಂತಃಕರಣದ ಮೇಜೂ ಮುಚ್ಚಿಲ್ಲ. ಎದುರಿಗಿರುವವನು ತಮ್ಮನೋ ಮಗನೋ, ಅವನು ಹಸಿದಿರಬಾರದು ಎಂಬುದು ಅವರಿಗೆ ಗೊತ್ತಿದೆ. ನಮ್ಮ ಅವ್ವ ಎಂದರೆ ಅದೇ ಅಲ್ಲವೇ?

ಓದಿನಿಂದ ನಮ್ಮ ಮನೆಯ ನಡವಳಿಕೆಯಲ್ಲಿ ಎರಡು ಬದಲಾವಣೆಗಳಾದವು. ಒಂದು, 'ನಾ ಯಾರು ಹೇಳು ನೋಡೋಣ?' ಎಂದು ಅವರನ್ನು ಪರೀಕ್ಷೆಗೆ ಕೂಡಿಸುವುದನ್ನು ಬಿಟ್ಟೆವು. ಆ ಪ್ರಶ್ನೆಗೆ ಉತ್ತರಿಸಲಾಗದೆ ಅವರ ಮುಖ ಸಣ್ಣದಾಗುತ್ತಿತ್ತು. ಈಗ ನಾವೇ ಹೆಸರು ಹೇಳಿಕೊಂಡು ಹತ್ತಿರ ಕೂಡುತ್ತೇವೆ. ಆಗಸ್ಟೆಯ ಕಡತದಂತೆ, ಅವರು ಮರೆತದ್ದನ್ನು ಇಟ್ಟುಕೊಂಡು ಅವರಿಗೆ ಹೇಳುವುದು ಇನ್ನು ನಮ್ಮ ಕೆಲಸ.

ಎರಡನೆಯದು ಹೆಚ್ಚು ಕಷ್ಟದ್ದು. ಹತ್ತನೆಯ ತರಗತಿಯಲ್ಲಿರುವ ನಮ್ಮ ಮಗಳು ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರೊಡನೆ ತೆಲುಗು ಹಿಂದಿ ಆಡುವವಳು. ನಮ್ಮ ಕನ್ನಡಕ್ಕೆ ಅವಳಿಂದ ಬರುತ್ತಿದ್ದ ಉತ್ತರ ತೆಲುಗಿನಲ್ಲಿ. ಅಜ್ಜಿಗೆ ತೆಲುಗು ಬರುತ್ತಿದ್ದಷ್ಟು ದಿನ ಅದರಿಂದ ತೊಂದರೆಯಾಗಿರಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಆ ತೆಲುಗು ಹೋದ ದಿನ ಒಂದೇ ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಸೇತುವೆ ಕತ್ತರಿಸಿದಂತಾಯಿತು. ಹುಡುಗಿ ಅತ್ತಳು. ಆ ತಪ್ಪು ಅವಳದಲ್ಲ, ನಮ್ಮದು. ಈಗ ಪ್ರತಿ ಸಂಜೆ ಅರ್ಧ ಗಂಟೆ ಅಜ್ಜಿಯ ಪಕ್ಕ ಕುಳಿತು, ತಪ್ಪೋ ಒಪ್ಪೋ, ಕನ್ನಡದಲ್ಲಿಯೇ ಮಾತನಾಡುತ್ತಾಳೆ. ಮೊನ್ನೆ ಅಜ್ಜಿ ಅವಳ ಜಡೆ ಹಿಡಿದು "ಯಾರ ಮಗಳವ್ವಾ ನೀ?" ಎಂದು ಕೇಳಿದರು. "ನಿಮ್ಮ ಮಗನ ಮಗಳು ಅಜ್ಜಿ" ಎಂದಳು. "ಹೌದಾ? ಚಲೋ ಆತು" ಎಂದು ಅವರು ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದರು.

ಕನ್ನಡ ಸಂಘಗಳಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಏಕೆ ಕಲಿಸಬೇಕು ಎಂದು ವರ್ಷವರ್ಷವೂ ಭಾಷಣ ನಡೆಯುತ್ತದೆ. ಸಂಸ್ಕೃತಿ, ಸಾಹಿತ್ಯ ಎಲ್ಲವೂ ಸರಿಯೇ. ನಮಗೆ ಈಗ ಇನ್ನೂ ಸರಳವಾದ ಕಾರಣವೊಂದು ಕಾಣುತ್ತದೆ. ಹಿರಿಯರ ಮೆದುಳಿನಲ್ಲಿ ಒಂದೊಂದೇ ದೀಪ ಆರುತ್ತ ಬಂದು, ಕೊನೆಗೆ ಉರಿಯುವುದು ಅವರ ಬಾಲ್ಯದ ಮಾತಿನ ದೀಪವೇ ಆಗಿದ್ದರೆ, ಆ ಬೆಳಕಿನಲ್ಲಿ ಅವರ ಎದುರು ಕೂಡಲು ಮನೆಯಲ್ಲಿ ಯಾರಾದರೂ ಇರಬೇಕಲ್ಲವೇ?

ಆ ಬಂಧುಗಳು ಮತ್ತೊಮ್ಮೆ ಬಂದು "ಅವ್ವಾರು ಎಲ್ಲಿದ್ದಾರ?" ಎಂದು ಕೇಳಿದರೆ ಈಗ ಉತ್ತರ ಸಿದ್ಧವಿದೆ. ಹಾಲಿ ವಿಳಾಸ ಇದೇ ಮನೆ. ಖಾಯಂ ವಿಳಾಸ ಸ್ವಲ್ಪ ಅವರ ಕೈಯಲ್ಲಿ, ಸ್ವಲ್ಪ ಅವರ ಮಾತಿನಲ್ಲಿ, ಉಳಿದದ್ದು ನಮ್ಮೆಲ್ಲರ ಬಳಿ.